ಆರನೆಯ ಹೆಸರು

ಸೆಮಿಫೈನಲ್ ಸೋತು ಹತ್ತೊಂಬತ್ತು ದಿನವಾಗಿತ್ತು. ಯಲ್ಲಾಪುರದ ಹೈವೇ ಬಾಯ್ಸ್ ಕಬಡ್ಡಿ ತಂಡದ ಆಟಗಾರರು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ತಮ್ಮ ತಮ್ಮ ಕೆಲಸಕ್ಕೆ ಮರಳಿದ್ದರು. ಅಭಿಮಾನಿಗಳಿಗೆ ಮಾತ್ರ ಆಟ ಮುಗಿದಿರಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಬೆಳಗಿನ ಚಹಾದ ಹೊತ್ತಿಗೆ ತಂಡದಿಂದ ಕಿತ್ತುಹಾಕಿದವನನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಬಲಗಡೆಯ ಕವರ್ ಆಟಗಾರನಿಗೆ ಮದುವೆಯಾದ ಮೇಲೆ ಸೊಂಟ ಬಗ್ಗುತ್ತಿಲ್ಲ ಎಂದು ಒಬ್ಬ ಬರೆದರೆ, ಬೋನಸ್ ಗೆರೆ ಮುಟ್ಟಿ ಓಡಿಬರುವ ಎರಡನೆಯ ರೈಡರನ ಬದಲು ಅಂಚೆಯವನನ್ನು ಕಳಿಸಿದರೂ ನಡೆದೀತು, ಅವನಾದರೂ ಮನೆ ಬಾಗಿಲು ಮುಟ್ಟಿ ಬರುತ್ತಾನೆ ಎಂದು ಇನ್ನೊಬ್ಬ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕು ಸೇರಿ ಲೀಗಿನಲ್ಲಿ ಎಂಟು ತಂಡಗಳು. ಹಂಗಾಮು ಮುಗಿದ ಮೇಲೆ ಪ್ರತಿ ತಂಡವೂ ಹೆಚ್ಚೆಂದರೆ ಆರು ಜನರನ್ನು ಉಳಿಸಿಕೊಳ್ಳಬಹುದು, ಬಾಕಿಯವರನ್ನು ಬಿಟ್ಟುಕೊಡಬೇಕು. ಬಿಟ್ಟವರನ್ನು ಯಾವ ತಂಡ ಬೇಕಾದರೂ ಸರದಿಯ ಪ್ರಕಾರ ಆರಿಸಿಕೊಳ್ಳಬಹುದು. ಐದೇ ಜನರನ್ನು ಉಳಿಸಿಕೊಂಡ ತಂಡಕ್ಕೆ ಆರಿಸುವುದರಲ್ಲಿ ಮೊದಲ ಸರದಿ. ಪಟ್ಟಿ ಸೋಮವಾರ ಸಂಜೆಯೊಳಗೆ ಶಿರಸಿ ಮುಟ್ಟಬೇಕು. ಹೈವೇ ಬಾಯ್ಸ್‌ನ ಐದು ಹೆಸರುಗಳಿಗೆ ಯಾರದೂ ತಕರಾರಿರಲಿಲ್ಲ. ಗಲಾಟೆಯೆಲ್ಲ ಆರನೆಯದಕ್ಕೆ. ಆರನೆಯದು ಎಡ ಕಾರ್ನರಿನಲ್ಲಿ ಆಡುವ ಕೆರಿಯನ ಹೆಸರು. ಅವನನ್ನು ಬಿಟ್ಟರೆ, ಹಳೆಯ ತಂಡ ಬಿಟ್ಟುಕೊಡಲಿದ್ದ ದಾಸನಕೊಪ್ಪದ ದರ್ಶನ ಎಂಬ ಇಪ್ಪತ್ತೊಂದರ ಹುಡುಗ ಮೊದಲ ಸರದಿಯಲ್ಲೇ ಸಿಗುತ್ತಿದ್ದ. ಅವನೂ ಎಡ ಕಾರ್ನರೇ.

ಬೇರೆ ತಂಡಗಳಲ್ಲಿ ಇದನ್ನೆಲ್ಲ ಮಾಲೀಕರು ಕೂತು ತೀರ್ಮಾನಿಸುತ್ತಾರೆ. ಹೈವೇ ಬಾಯ್ಸ್‌ನಲ್ಲಿ ಹಾಗಲ್ಲ. ತಂಡ ಕಟ್ಟಿದ ಜಹಾಂಗೀರ್ ಚಾಚಾ ಲಾರಿಗಳಿಗೆ ಬಾಡಿ ಕಟ್ಟುವ ಗ್ಯಾರೇಜಿನ ಯಜಮಾನರು. ಅರ್ಧಕ್ಕಿಂತ ಹೆಚ್ಚು ಪಂದ್ಯಗಳಿಗೆ ತಂಡದ ಲಾರಿ ಹತ್ತಿ ಹೋದವನಿಗೆ ತಂಡದ ವಿಷಯದಲ್ಲಿ ಒಂದು ಕೈ, ಅಂದರೆ ಒಂದು ಮತ, ಉಂಟು ಎಂದು ಅವರು ಮೊದಲ ವರ್ಷವೇ ಹೇಳಿಬಿಟ್ಟಿದ್ದರು. ಧೂಳು ತಿಂದು, ಸೊಂಟ ಮುರಿದುಕೊಂಡು ನಿಂತೇ ಹೋದವರಿಗೆ ಅಷ್ಟೂ ಇಲ್ಲದಿದ್ದರೆ ಹೇಗೆ ಎಂಬುದು ಅವರ ಲೆಕ್ಕ. ಅಂದಿನಿಂದ ಊರಿನಲ್ಲಿ 'ಕೈ ಇದ್ದವ' ಅನ್ನಿಸಿಕೊಳ್ಳುವುದೇ ಒಂದು ಮರ್ಯಾದೆ. ಈ ವರ್ಷ ಅಂಥವರು ಐವತ್ತೇಳು ಜನ.

ಆ ಐವತ್ತೇಳರಲ್ಲಿ ಗಂಟಲು ದೊಡ್ಡದಿದ್ದದ್ದು ಅಜರನದು. ಎಂಟನೆಯ ಇಯತ್ತೆಯಲ್ಲಿ ಗಣಿತದ ಮಾಸ್ತರರ ಸಂಗಡ ಜಗಳ ಮಾಡಿ ಪಾಟಿಚೀಲ ಅಲ್ಲೇ ಬಿಟ್ಟು ಹೊರಬಿದ್ದವ ಅವ. ಮರುವಾರವೇ ಕೆರಿಯನ ಲಾರಿಗೆ ಕ್ಲೀನರ್ ಆಗಿ ಹತ್ತಿದ್ದ. ಆರು ವರ್ಷ ಕೆರಿಯ ಅವನ ಉಸ್ತಾದ್. ಗೇರು ಹಾಕಲು, ಕಳ್ಳ ಪಂಕ್ಚರ್ ಹುಡುಕಲು, ಸಿಟ್ಟು ಬಂದಾಗ ಹತ್ತು ಮಾರು ದೂರ ನಡೆದು ಬರಲು ಕೆರಿಯನೇ ಕಲಿಸಿದ್ದ. ಕೊನೆಯದೊಂದು ಮಾತ್ರ ಅಜರನಿಗೆ ಹತ್ತಿರಲಿಲ್ಲ. ಈಗ ಇಪ್ಪತ್ತನಾಲ್ಕರ ಅವ ಜಹಾಂಗೀರ್ ಚಾಚಾನ ಗ್ಯಾರೇಜಿನಲ್ಲೇ ವೆಲ್ಡಿಂಗ್ ಮಾಡುತ್ತಿದ್ದ. ಕೆರಿಯನಿಗೆ ಮೂವತ್ನಾಲ್ಕು, ಇಂದಿಗೂ ಅದೇ ಚಾಚಾನ ಲಾರಿ ಹೊಡೆಯುತ್ತ, ಪಂದ್ಯದ ದಿನ ಉಳಿದ ಆಟಗಾರರು ಟೆಂಪೊದಲ್ಲಿ ಹೋದರೆ ತಾನು ಅದೇ ಲಾರಿಯಲ್ಲಿ ಅಭಿಮಾನಿಗಳನ್ನು ತುಂಬಿಕೊಂಡು ಹೋಗಿ, ಚಡ್ಡಿ ಬದಲಿಸಿ ಅಂಕಣಕ್ಕೆ ಇಳಿಯುತ್ತಿದ್ದ.

ಅಂಥ ಉಸ್ತಾದನ ಮೇಲೆ ಅಜರನಿಗೆ ಹತ್ತೊಂಬತ್ತು ದಿನದಿಂದ ಬೆಂಕಿಯಂಥ ಸಿಟ್ಟು. ಶಿರಸಿಯ ಆ ಸೆಮಿಫೈನಲ್ಲಿನಲ್ಲಿ ಕೊನೆಯ ರೈಡ್ ಉಳಿದಾಗ ಯಲ್ಲಾಪುರ ಮೂವತ್ತೊಂದು, ಸಿದ್ದಾಪುರ ಮೂವತ್ತು. ಸಿದ್ದಾಪುರದ ರೈಡರ್ ಬಂದ. ಅವನನ್ನು ಯಾರೂ ಮುಟ್ಟಬೇಕಾಗಿರಲಿಲ್ಲ. ಮೂವತ್ತು ಸೆಕೆಂಡು ದೂರ ನಿಂತಿದ್ದರೆ ಅವ ಬರಿಗೈಲಿ ವಾಪಸಾಗುತ್ತಿದ್ದ, ಆಟ ಯಲ್ಲಾಪುರದ್ದು. ಕ್ಯಾಪ್ಟನ್ ಅದನ್ನೇ ಮೂರು ಸಲ ಹೇಳಿದ್ದ. ಮೈದಾನಕ್ಕೆ ಮೈದಾನವೇ ಉಸಿರು ಬಿಗಿ ಹಿಡಿದಿತ್ತು. ಇನ್ನು ನಾಲ್ಕೇ ಸೆಕೆಂಡು ಅನ್ನುವಾಗ ಕೆರಿಯ ಮೂಲೆಯಿಂದ ಹಾರಿ ರೈಡರನ ಕಾಲಿಗೆ ಬಿದ್ದ. ಅವನ ನೆರವಿಗೆ ಇನ್ನೊಬ್ಬ ಬಿದ್ದ. ಆ ಎಮ್ಮೆಯಂಥ ರೈಡರ್ ಇಬ್ಬರನ್ನೂ ಎಳೆದುಕೊಂಡೇ ನಡುಗೆರೆ ಮುಟ್ಟಿದ. ಮೂವತ್ತೆರಡು–ಮೂವತ್ತೊಂದು.

ಮೈದಾನದ ಅಂಚಿಗೆ ನಿಲ್ಲಿಸಿದ್ದ ಲಾರಿಯ ಕ್ಯಾಬಿನ್ ತಲೆಯ ಮೇಲೆ ಕೂತು ಅಜರ್ ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದಿದ್ದ. ಆಮೇಲೆ ತಾನು ಬೈದದ್ದು ಹೆಂಗಸರು ಮಕ್ಕಳ ಕಿವಿಗೆ ಬೀಳಬಾರದೆಂದು ಸದ್ದು ತೆಗೆದು, ಸಿನಿಮಾದ ಒಂದು ಮದುವೆ ಹಾಡು ಅಂಟಿಸಿ ಗುಂಪಿಗೆ ಹಾಕಿದ. ಅದರ ಬೆನ್ನಿಗೇ ತನ್ನ ದನಿಯಲ್ಲಿ ಒಂದು ಸಂದೇಶ: "ಕೆರಿಯ ಆಟ ಮಾರ್ಕೊಂಡಿದಾನೆ. ಬೇಕಾದ್ರೆ ಬರ್ದಿಟ್ಕೊಳ್ಳಿ." ಆ ಸಂದೇಶ ಎರಡು ದಿನದಲ್ಲಿ ಸಿದ್ದಾಪುರದವರೆಗೆ ಮುಟ್ಟಿತು. ಕೆರಿಯ ಗುಂಪಿನಲ್ಲೇ ಇದ್ದ. ಒಂದಕ್ಷರ ಬರೆಯಲಿಲ್ಲ. ತಪ್ಪಿಲ್ಲದಿದ್ದರೆ ಸುಮ್ಮನಿರುತ್ತಿದ್ದನೇ ಎಂದು ಅಜರನ ಸಿಟ್ಟು ಇನ್ನಷ್ಟು ಏರಿತು.

ಭಾನುವಾರ ನಾಲ್ಕು ಗಂಟೆಗೆ ಗ್ಯಾರೇಜಿನಲ್ಲಿ ಸಭೆ. ಅಲ್ಲಿ ದೊಡ್ಡ ಟೀವಿ ಇಟ್ಟು ಎಲ್ಲರೆದುರು ವೀಡಿಯೊ ತೋರಿಸಬೇಕೆಂದು ಅಜರ್ ಶನಿವಾರ ಸಂಜೆ ತಂಗಿ ಶಾಜಿಯಾಳ ಮುಂದೆ ಮೊಬೈಲ್ ಹಿಡಿದ. ಅವಳು ಹೊಲಿಗೆ ಮೆಷಿನ್ ನಿಲ್ಲಿಸಿ ನೋಡಿದಳು. ಆಟಗಾರನ ಮಾನ ತೆಗೆಯುವ ಸಭೆಗೆ ಮದುವೆಯ ಹಾಡು ಹಾಕಿಕೊಂಡು ಹೋಗುತ್ತೀಯಾ ಎಂದು ನಕ್ಕಳು. ಹಾಡಿಲ್ಲದ ಮೂಲ ವೀಡಿಯೊ ಎಲ್ಲಿದೆ ಎಂದು ಅವಳೇ ಹುಡುಕಿ, ಟೀವಿಗೆ ಜೋಡಿಸಿ, ಸದ್ದು ಏರಿಸಿದಳು.

ಸದ್ದೇ ಇರಲಿಲ್ಲ. ಸಾವಿರ ಜನರ ಮೌನ, ರೈಡರನ ಒಂದೇ ಸಮನೆಯ ಕಬಡ್ಡಿ ಕಬಡ್ಡಿ, ಎಲ್ಲೋ ಒಂದು ಕೆಮ್ಮು. ಆಮೇಲೆ ತಗಡಿನ ಮೇಲೆ ಎರಡು ಏಟು. ಧಪ್, ಅದರ ಬೆನ್ನಿಗೇ ಧಪ್. ಕೆರಿಯನ ಕಾಲು ನೆಲ ಬಿಟ್ಟಿತು.

ಶಾಜಿಯಾ ಹಿಂದೆ ಸರಿಸಿ ಮತ್ತೆ ಹಾಕಿದಳು. "ಎಲ್ಲಾರೂ ಸುಮ್ನಿದಾರೆ ಭಾಯಿ. ಇದ್ಯಾರು ತಗಡು ಬಡಿಯೋದು?"

ಅಜರ್ ತನ್ನ ಎಡಗೈ ನೋಡಿಕೊಂಡ. ಅವತ್ತು ಬಲಗೈಯಲ್ಲಿ ಮೊಬೈಲ್ ಇತ್ತು. ಎಡಗೈ ಕ್ಯಾಬಿನ್ ತಗಡಿನ ಮೇಲಿತ್ತು.

ಕಾಡಿನೊಳಗೆ ಮರದ ನಾಟಾ ತುಂಬುವ ದಾರಿಯಲ್ಲಿ ಲಾರಿ ಹೊಡೆಯುವವನಿಗೆ ಹಿಂದಿನದು ಏನೂ ಕಾಣುವುದಿಲ್ಲ. ಕ್ಲೀನರನ ಕೈಯೇ ಅವನ ಕಣ್ಣು. ಬಾಡಿಯ ಮೇಲೆ ಒಂದು ಏಟು ಬಿದ್ದರೆ ನಿಲ್ಲು. ಎರಡು ಬಿದ್ದರೆ ಹೊರಡು. ಅಲ್ಲಿ ವಿಚಾರ ಮಾಡುತ್ತ ಕೂರಲು ಪುರಸೊತ್ತಿಲ್ಲ. ಸದ್ದು ತಗಡಿನಿಂದ ಕಿವಿಗೆ, ಕಿವಿಯಿಂದ ನೇರ ಕಾಲಿಗೆ. ಒಬ್ಬೊಬ್ಬ ಕ್ಲೀನರನ ಏಟಿಗೂ ಒಂದೊಂದು ಗುರುತಿರುತ್ತದೆ. ಮೊದಲನೆಯದು ಭಾರ, ಎರಡನೆಯದು ಅದರ ಹಿಮ್ಮಡಿ ತುಳಿದುಕೊಂಡೇ ಬರುವುದು ಅಜರನ ಏಟು. ಆಟದುದ್ದಕ್ಕೂ ಐವತ್ತು ಜನ ಒಟ್ಟಿಗೆ ತಗಡು ಬಡಿಯುವಾಗ ಅದು ಬರೇ ಗದ್ದಲ, ಕೆರಿಯನಿಗೆ ಅದರಲ್ಲಿ ಗೊತ್ತಾಗುವಂಥದ್ದು ಏನೂ ಇರಲಿಲ್ಲ. ಆದರೆ ಎಲ್ಲರೂ ಸುಮ್ಮನಾದ ಹೊತ್ತಿನಲ್ಲಿ, ಇನ್ನೇನು ಗೆದ್ದೆವು ಎಂಬ ಖುಷಿಗೆ ಅಜರನ ಕೈಯೊಂದೇ ತಾನಾಗಿ ಬಡಿದಿತ್ತು. ಆರು ವರ್ಷ ಕೆರಿಯನನ್ನು ಹೊರಡಿಸಿದ ಅದೇ ಏಟು.

ಮರುದಿನ ಬೆಳಿಗ್ಗೆ ಅವ ಕೆರಿಯನನ್ನು ಹುಡುಕಿಕೊಂಡು ಹೋದ. ಹೈವೇ ಪಕ್ಕದಲ್ಲಿ ಲಾರಿ ನಿಲ್ಲಿಸಿ ಕೆರಿಯ ಸ್ಪ್ರಿಂಗ್ ಪ್ಲೇಟುಗಳಿಗೆ ಗ್ರೀಸ್ ಹೊಡೆಯುತ್ತಿದ್ದ. ಅಜರ್ ಪೀಠಿಕೆ ಹಾಕುವ ಜಾತಿಯವನಲ್ಲ.

"ಉಸ್ತಾದ್, ಅವತ್ತು ನಾ ತಟ್ಟಿದ್ದು ನಿಂಗೆ ಕೇಳ್ತಾ?"

ಕೆರಿಯ ಗ್ರೀಸ್ ಗನ್ ಕೆಳಗಿಡಲಿಲ್ಲ. "ಕೇಳ್ತು."

"ಮತ್ತೆ ಯಾಕೆ ಹೇಳ್ಲಿಲ್ಲ? ಊರೆಲ್ಲಾ ನಿನ್ನ ಮಾರ್ಕೊಂಡವ ಅಂತ ಹೇಳ್ಕೊಂಡು ತಿರುಗಿದೆ ನಾನು."

"ಏನಂತ ಹೇಳ್ಲಿ ಮಾರಾಯ? ಕ್ಲೀನರ್ ತಟ್ಟಿದ, ಡ್ರೈವರ್ ಹೊರಟ ಅಂತನಾ? ಕೇಳಿದವ್ರು ಬಿದ್ದು ಬಿದ್ದು ನಗ್ತಿದ್ರು. ಮಾರ್ಕೊಂಡವ ಅಂದ್ರೆ ಸಿಟ್ಟಾದ್ರೂ ಮಾಡ್ತಾರೆ."

ಇವತ್ತು ಎಲ್ಲರೆದುರು ಹೇಳಿಬಿಡುತ್ತೇನೆ ಎಂದ ಅಜರ್. ಬೇಡ ಎಂದ ಕೆರಿಯ. ಗ್ಯಾರೇಜಿನಲ್ಲಿ ಕೆಲಸ ಮಾಡುವವ ನೀನು, ನಾಳೆ ಬೆಳಗಾದರೆ ಅದೇ ಜನರ ಮುಖ ನೋಡಬೇಕು, ಹೋದದ್ದು ಹೋಯಿತು ಎಂದ. ದಾಸನಕೊಪ್ಪದ ಆ ಹುಡುಗ ಚಲೋ ಆಡುತ್ತಾನೆ, ಹಿಡಿದರೆ ಉಡದ ಹಾಗೆ ಹಿಡಿಯುತ್ತಾನೆ ಎಂದೂ ಸೇರಿಸಿದ.

"ನಾ ಕೇಳಿದ್ದು ಅದಲ್ಲ. ನಿಂಗೆ ಆಡ್ಬೇಕಾ, ಬೇಡ್ವಾ?"

ಕೆರಿಯ ಗೋಣಿ ಹಾಸಿ ಲಾರಿಯ ಅಡಿಗೆ ನುಸುಳಿದ. ಕಾಲೆರಡು ಮಾತ್ರ ಹೊರಗೆ ಕಾಣುತ್ತಿದ್ದವು. ಅಜರ್ ಬಹಳ ಹೊತ್ತು ನಿಂತ. ಬೇಡ ಎಂಬ ಉತ್ತರ ಬರಲಿಲ್ಲವಲ್ಲ, ಅಷ್ಟೇ ಸಾಕು ಎಂದುಕೊಂಡು ಅವ ಬೈಕಿನ ಕಿಕ್ ಒದ್ದು ಹೊರಟ.

ನಾಲ್ಕು ಗಂಟೆಗೆ ಗ್ಯಾರೇಜು ತುಂಬಿತ್ತು. ಅರ್ಧ ಕಟ್ಟಿದ ಲಾರಿಯ ಚೌಕಟ್ಟಿನ ಮೇಲೆ ಕೆಲವರು, ಹಳೆಯ ಟಯರುಗಳ ಮೇಲೆ ಕೆಲವರು. ಕೈಯಿಲ್ಲದವರೂ ಮಾತಿಗೆಂದು ಬಂದು ಗೇಟಿನ ಹತ್ತಿರ ನಿಂತಿದ್ದರು. ಅಲ್ಲೇ ಒಂದು ಮೂಲೆಯಲ್ಲಿ ಕೆರಿಯ. ಅವನ ಸುತ್ತ ಒಂದು ಮಾರು ಜಾಗ ಖಾಲಿ ಬಿಟ್ಟೇ ಜನ ನಿಂತಿದ್ದರು. ಅಜರನನ್ನು ಕಂಡದ್ದೇ ಒಂದಿಬ್ಬರು ಬೆನ್ನು ತಟ್ಟಿದರು. ಇವತ್ತು ತೋರಿಸು ಅವನಿಗೆ ಎಂದರು.

ಮೊದಲು ಎದ್ದವ ವಜ್ರಳ್ಳಿಯ ಚಿರಂತನ. ತೋಟದ ಮನೆಯವ, ಬಿ.ಕಾಂ. ಮುಗಿಸಿದವ, ತಂಡದ ಪ್ರತಿ ಹಿಡಿತ, ಪ್ರತಿ ಅಂಕವೂ ಅವನ ನೋಟ್‌ಬುಕ್ಕಿನಲ್ಲಿತ್ತು. ಮನೆಯಿಂದ ಬಂದ ಫೋನಿಗೆ "ಆನು ಮೀಟಿಂಗಲ್ಲಿ ಇದ್ದೆ, ಆಮೇಲೆ ಮಾಡ್ತೆ" ಎಂದು ಮನೆಮಾತಿನಲ್ಲಿ ಪಿಸುಗುಟ್ಟಿ ಇಟ್ಟು, ಸಭೆಯ ಕಡೆ ತಿರುಗಿ ಲೆಕ್ಕ ಓದಿದ. ಹಂಗಾಮಿನಲ್ಲಿ ಕೆರಿಯ ಹಿಡಿಯಹೋದದ್ದು ಐವತ್ತೆಂಟು ಸಲ, ಸಿಕ್ಕಿದ್ದು ನಲವತ್ತೊಂದು. ಲೀಗಿನಲ್ಲೇ ಎರಡನೆಯ ಸ್ಥಾನ. ಅವನು ಆಟ ಮಾರಿಕೊಂಡ ಎಂಬುದನ್ನು ತಾನು ನಂಬುವುದಿಲ್ಲ; ಆದರೆ ವಯಸ್ಸು ಮೂವತ್ನಾಲ್ಕು, ಮುಂದಿನ ಐದು ವರ್ಷ ನೋಡಬೇಕು ಎಂದ. ಗೇಟಿನ ಕಡೆಯಿಂದ ಯಾರೋ, ಮಾರ್ಕೊಂಡವನಿಗೆ ಎಷ್ಟು ವರ್ಷವಾದರೇನು ಅಂದರು. ನಗು ಎದ್ದಿತು.

ಆ ನಗುವಿನ ನಡುವೆಯೇ ಅಜರ್ ಟೀವಿಯ ಮುಂದೆ ಹೋಗಿ ನಿಂತ. ನೂರು ಜನರೆದುರು ಬೈಯುವುದು ಅವನಿಗೆ ನೀರು ಕುಡಿದಷ್ಟು ಸಲೀಸು, ಇದು ಹಾಗಿರಲಿಲ್ಲ.

"ಹಾಡು ಇಲ್ದಿರೋ ವೀಡಿಯೊ ಇದು. ಬಾಯಿ ಮುಚ್ಕೊಂಡು ಕೇಳಿ. ನೋಡೋದು ಬೇಡ, ಕೇಳಿ."

ಎರಡು ಸಲ ಹಾಕಿದ. ಮೊದಲ ಸಲ ಯಾರಿಗೂ ತಿಳಿಯಲಿಲ್ಲ. ಎರಡನೆಯ ಸಲ ಮುಂದೆ ಕೂತಿದ್ದ ಮುದುಕ ಡ್ರೈವರ್ ವೆಂಕಟ್ರಮಣ ಕೂತಲ್ಲೇ ಬಲಗಾಲು ಅಲುಗಿಸಿದ, ಆಮೇಲೆ ತನ್ನ ಕಾಲನ್ನೇ ನೋಡಿಕೊಂಡ. ಅಜರ್ ಎಲ್ಲವನ್ನೂ ಬಿಡಿಸಿ ಹೇಳಿದ. ತಟ್ಟಿದವ ತಾನು. ತಟ್ಟಿದ್ದು ತನಗೇ ನೆನಪಿಲ್ಲ, ಆದರೆ ಏಟು ತನ್ನದೇ. ಮಾರಿಕೊಂಡ ಎಂದು ಹೇಳಿದ್ದು ಸುಳ್ಳು. ಆ ಸುಳ್ಳನ್ನು ಅಳಿಸಿ, ನಿಜವನ್ನು ಅದೇ ದನಿಯಲ್ಲಿ ಗುಂಪಿಗೆ ಈಗಷ್ಟೇ ಹಾಕಿದ್ದೇನೆ, ಸಿದ್ದಾಪುರಕ್ಕೆ ಅದನ್ನು ಮುಟ್ಟಿಸಿದವರು ಇದನ್ನೂ ಮುಟ್ಟಿಸಿ ಎಂದ.

ಕೆಲವರು ನಕ್ಕರು. ಕೆಲವರು ಅವನ ತಾಯಿ ತಂದೆಯನ್ನೆಲ್ಲ ನೆನೆದರು. ಬೆನ್ನು ತಟ್ಟಿದವರು ಬೇರೆ ಕಡೆ ನೋಡಿದರು. ಜಹಾಂಗೀರ್ ಚಾಚಾ ಕನ್ನಡಕ ತೆಗೆದು ಒರೆಸಿಕೊಂಡರು. ಕೆರಿಯ ಮಾರಿಕೊಂಡ ಎಂದು ಈಗಲೂ ಅನ್ನುವವರು ಯಾರಿದ್ದೀರಿ, ಎದ್ದು ನಿಲ್ಲಿ ಎಂದರು. ಯಾರೂ ನಿಲ್ಲಲಿಲ್ಲ.

"ಆಯ್ತು, ಅದು ಮುಗೀತು," ಎಂದರು ಚಾಚಾ. "ಬೇಟಾ ಅಜರ್, ಇವತ್ತು ನಿಂಗೆ ಕೈ ಇಲ್ಲ. ನಮ್ಮ ಆಟಗಾರನ ಮೇಲೆ ನಾವೇ ಸುಳ್ಳು ಹೇಳಿದ್ರೆ ಲಾರಿ ಹತ್ತಿ ಏನು ಉಪಯೋಗ?"

ಅಜರ್ ತಲೆ ಆಡಿಸಿದ. ಇದಕ್ಕೆ ಅವ ಸಿದ್ಧನಾಗಿಯೇ ಬಂದಿದ್ದ. ಸಿದ್ಧನಿಲ್ಲದಿದ್ದದ್ದು ಚಿರಂತನ ಮತ್ತೆ ಎದ್ದು ಹೇಳಿದ ಮಾತಿಗೆ.

"ಅಲ್ಲ ಅಜರ್, ಇದ್ರಿಂದ ಇನ್ನೂ ಕಷ್ಟ ಆಯ್ತು ಮಾರಾಯ. ಈ ಸುದ್ದಿ ನೀನೇ ಸಿದ್ದಾಪುರಕ್ಕೆ ಕಳಿಸಿದೆ. ಮುಂದಿನ ವರ್ಷ ಅವ್ರು ಒಂದು ತಗಡು ಡಬ್ಬಿ ತಂದು ಎರಡು ಸಲ ಬಡಿದ್ರೆ ಸಾಕು. ಅಂಥ ಕಾರ್ನರ್ ನಮಗೆ ಹ್ಯಾಗೆ ಬೇಕು?"

ಮಾತು ಸರಿಯಿತ್ತು. ಸರಿಯಿದ್ದದ್ದಕ್ಕೇ ಅಜರನ ಕಿವಿ ಕಾದವು. ಹತ್ತು ಮಾರು ನಡೆದುಬರಲು ಅಲ್ಲಿ ಜಾಗವಿರಲಿಲ್ಲ. ಹಲ್ಲು ಕಚ್ಚಿ ನಿಂತ. ಆಮೇಲೆ ಹೇಳಿದ: ಹಾಗಾದರೆ ನಾವೇ ತಗಡು ಬಡಿಯುವುದನ್ನು ಬಿಡೋಣ. ಲಾರಿಯನ್ನು ಮೈದಾನದಿಂದ ದೂರ ನಿಲ್ಲಿಸೋಣ. ಬೇರೆ ಯಾರಾದರೂ ಡಬ್ಬಿ ತಂದರೆ ರೆಫ್ರಿಗೆ ಹೇಳಿ ಹೊರಗೆ ಹಾಕಿಸೋಣ. ಐದು ವರ್ಷದಿಂದ ನಮ್ಮ ಸದ್ದು ನಿಮಗಾಗಿ ಎಂದು ಆಟಗಾರರಿಗೆ ಹೇಳುತ್ತ ಬಂದವರು ನಾವು. ಅದನ್ನು ಕೇಳಿದ ಒಬ್ಬನನ್ನು ಹೊರಗೆ ಹಾಕುವುದು ಯಾವ ನ್ಯಾಯ?

ಇಷ್ಟು ಹೊತ್ತು ಎರಡಾಗಿದ್ದ ಸಭೆ ಒಂದಾಗಿ ಅವನ ಮೇಲೆ ಬಿತ್ತು. ತಗಡು ಬಡಿಯದಿದ್ದರೆ ಯಲ್ಲಾಪುರದವರು ಬಂದಿದ್ದಾರೆಂದು ಯಾರಿಗೆ ಗೊತ್ತಾಗಬೇಕು? ಶಿರಸಿಯವರ ಹಾಗೆ ಚಪ್ಪಾಳೆ ತಟ್ಟುತ್ತ ಕೂರಬೇಕೇ? ಬೇಕಾದರೆ ಇಡೀ ತಂಡವನ್ನೇ ಬದಲಿಸೋಣ, ತಗಡು ಬಿಡುವುದಿಲ್ಲ ಎಂದು ಒಬ್ಬ ಟಯರಿನ ಮೇಲೆ ಹತ್ತಿ ನಿಂತ. ಅಜರ್ ಹಿಂದೆ ಸರಿಯಲಿಲ್ಲ. ಒಬ್ಬೊಬ್ಬರಿಗೂ ಹೆಸರು ಹಿಡಿದು ಉತ್ತರ ಕೊಟ್ಟ. ದನಿ ಬಿದ್ದುಹೋಗುವವರೆಗೂ ಕೊಟ್ಟ.

"ತಗಡು ಬಿಡೋದು ಬೇಡ."

ಹೇಳಿದವ ಕೆರಿಯ. ಗೇಟಿನ ಮೂಲೆಯಿಂದ ನಡುವಿಗೆ ಬಂದಿದ್ದ. ಹತ್ತೊಂಬತ್ತು ದಿನದಲ್ಲಿ ಅವ ಎಲ್ಲರೆದುರು ಆಡಿದ ಮೊದಲ ಮಾತು ಅದು.

"ಬಡೀರಿ. ಎಷ್ಟು ಬೇಕಾದ್ರೂ ಬಡೀರಿ. ಹಂಗಾಮು ಶುರುವಾಗೋಕೆ ಇನ್ನೂ ಆರು ತಿಂಗ್ಳು ಐತಿ. ಹೊರಡೋದು ಕಲ್ತಂವ ನಿಲ್ಲೋದೂ ಕಲೀತೇನೆ. ದಿನಾ ಬೆಳಿಗ್ಗೆ ಕೋರ್ಟಿಗೆ ಇಳೀತೇನೆ, ನೀವು ಬಂದು ಬಡೀರಿ. ಕಾಲು ಎತ್ತಿದ್ರೆ ಅವತ್ತೇ ನನ್ನ ಬಿಟ್ಟು ಆ ದಾಸನಕೊಪ್ಪದವನ್ನ ಹುಡುಕ್ರಿ."

ಅಷ್ಟರೊಳಗೆ ದರ್ಶನನನ್ನು ಬೇರೆಯವರು ಕೊಂಡೊಯ್ದಿರುತ್ತಾರಲ್ಲ ಎಂದು ಚಿರಂತನ ತನಗೆ ತಾನೇ ಎಂಬಂತೆ ಹೇಳಿಕೊಂಡ.

ಚಾಚಾ ಕೈ ಎತ್ತಿಸಿದರು. ಕೆರಿಯನನ್ನು ಬಿಟ್ಟು ದರ್ಶನನನ್ನು ತರಬೇಕು ಅನ್ನುವವರು ಮೊದಲು. ಚಿರಂತನನ ಕೈ ನೋಟ್‌ಬುಕ್ಕಿನ ಸಮೇತ ಮೇಲೆ ಹೋಯಿತು. ಚಾಚಾ ಎರಡು ಸಲ ಎಣಿಸಿದರು. ಇಪ್ಪತ್ತೆಂಟು. ಕೆರಿಯನನ್ನು ಉಳಿಸಿಕೊಳ್ಳಬೇಕು ಅನ್ನುವವರು. ವೆಂಕಟ್ರಮಣನದು ಎಲ್ಲಕ್ಕಿಂತ ಮೊದಲು. ಅಜರ್ ತನ್ನೆರಡು ಕೈಯನ್ನೂ ಪ್ಯಾಂಟಿನ ಕಿಸೆಯಲ್ಲಿ ತುರುಕಿಕೊಂಡು ನಿಂತಿದ್ದ. ಚಾಚಾ ಮತ್ತೆ ಎರಡು ಸಲ ಎಣಿಸಿದರು.

ಇಪ್ಪತ್ತೆಂಟು.

ಎಲ್ಲರೂ ಒಮ್ಮೆಗೇ ಅಜರನ ಕಡೆ ನೋಡಿದರು. ಅವನ ಕೈಯೊಂದಿದ್ದರೆ ಮುಗಿದೇ ಹೋಗುತ್ತಿತ್ತು. ಅವನ ಮುಖ ಸೀದುಹೋದಂತಾಯಿತು. ಈ ಸಲಕ್ಕೆ ಕ್ಷಮಿಸಿ ಅವನ ಕೈ ವಾಪಸ್ ಕೊಡಿ ಎಂದು ಯಾರೋ ಅಂದರು. ಬೇಡ ಎಂದು ಅಜರನೇ ಹೇಳಿದ. ನಾಳೆ ಅಜರನ ದಯೆಯಿಂದ ಉಳಿದವ ಎಂದು ಉಸ್ತಾದ್ ಅನ್ನಿಸಿಕೊಳ್ಳುವುದು ಬೇಡ ಎಂದ.

ಚಾಚಾ ಕೆರಿಯನ ಕಡೆ ತಿರುಗಿದರು. "ಅರ್ಧಕ್ಕಿಂತ ಹೆಚ್ಚು ಪಂದ್ಯಕ್ಕೆ ಲಾರಿ ಹತ್ತಿದವ್ನಿಗೆ ಕೈ ಅಂತ ನಾನು ಹೇಳಿದ್ದು. ನೀ ಒಂದೂ ಪಂದ್ಯ ತಪ್ಪಿಸ್ಲಿಲ್ಲ. ಲಾರಿ ಹೊಡೆದವನೇ ನೀನು. ನಿಂದು ಐವತ್ತೆಂಟನೇ ಕೈ. ಐದು ವರ್ಷದಲ್ಲಿ ಒಂದ್ಸಲನೂ ಎತ್ಲಿಲ್ಲ, ಯಾಕೆ?"

ಯಾರೂ ಕೇಳಲಿಲ್ಲ ಎಂದ ಕೆರಿಯ.

ಆಟಗಾರ ತನಗೆ ತಾನೇ ಕೈ ಎತ್ತಿಕೊಳ್ಳುವುದುಂಟೇ ಎಂದು ಹಿಂದಿನಿಂದ ಗೊಣಗಾಟ ಎದ್ದಿತು. ಚಿರಂತನ ಅತ್ತ ತಿರುಗಿ, ತನಗೆ ಇಷ್ಟವಿಲ್ಲದಿದ್ದರೂ ನಿಯಮ ನಿಯಮವೇ, ಲಾರಿ ಹತ್ತಿದವ ಎಂದಿದೆ ಹೊರತು ಆಟಗಾರನಲ್ಲದವ ಎಂದಿಲ್ಲ ಎಂದ.

ಕೆರಿಯ ಅಂಗೈ ನೋಡಿಕೊಂಡ. ಬೆಳಗಿನ ಗ್ರೀಸು ಇನ್ನೂ ಗೆರೆಗಳಲ್ಲಿತ್ತು. ಅದನ್ನು ಚಡ್ಡಿಗೆ ಎರಡೂ ಕಡೆ ಒರೆಸಿಕೊಂಡ. ಸುತ್ತ ಇದ್ದ ಐವತ್ತಾರು ಜನರನ್ನು, ತನ್ನನ್ನು ಬೇಡವೆಂದ ಇಪ್ಪತ್ತೆಂಟು ಜನರನ್ನು ಇನ್ನೊಂದಿಷ್ಟು ಹೆಚ್ಚೇ ಹೊತ್ತು, ನೋಡಿದ. ಆಮೇಲೆ ಕೈಯನ್ನು ತಲೆಗಿಂತ ಮೇಲಕ್ಕೆ, ತೋಳು ನೆಟ್ಟಗಾಗುವವರೆಗೆ ಎತ್ತಿದ.

"ನಂಗೆ ಆಡ್ಬೇಕು," ಎಂದ.

ಚಾಚಾ ಪಟ್ಟಿಯನ್ನು ಬಾನೆಟ್ ಮೇಲೆ ಇಟ್ಟು ಆರನೆಯ ಹೆಸರು ಬರೆದರು.